ಚಮಚ ನಿಂತ ಮನೆಗಳು

ಸೋಮವಾರ ಬೆಳಗ್ಗೆ ಐದು ಗಂಟೆಗೆ ಕೈಯಲ್ಲಿ ಒಂದು ಸ್ಟೀಲ್ ಚಮಚ, ಕಂಕುಳಲ್ಲಿ ಒಂದು ನೋಟ್‌ಬುಕ್ಕು ಇಟ್ಟುಕೊಂಡು ನಾನು ಹೊರಟೆನೆಂದರೆ ಬೀದಿನಾಯಿಗಳು ಎದ್ದು ದಾರಿ ಬಿಡುತ್ತಿದ್ದವು. ಅಂಥಾ ರಭಸ ನನ್ನದು. ವಯಸ್ಸು ಐವತ್ತನಾಲ್ಕು, ಎರಡು ಮಂಡಿಯೂ ಹಿಡಿದುಕೊಂಡಿವೆ, ಆದರೂ ನಲವತ್ತು ಮನೆ ಸುತ್ತಿ ಎಂಟು ಗಂಟೆಗೆಲ್ಲ ಡಾಕ್ಟರ್ ತಿಪ್ಪೇರುದ್ರರ ಮುಂದೆ ನಿಂತಿರುತ್ತಿದ್ದೆ. ನನ್ನ ಹೆಸರು ಪಂಕಜಾಕ್ಷಿ. ಮೂವತ್ತು ವರ್ಷ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡಿದವಳು. ನೀರು ಬೆರೆಸಿದವರು ನನ್ನ ಮುಖ ನೋಡಿಯೇ ಕ್ಯಾನು ಎತ್ತಿಕೊಂಡು ವಾಪಸು ಹೋಗುತ್ತಿದ್ದರು. ಜಂಬ ಅಂದುಕೊಳ್ಳಿ, ಪರವಾಗಿಲ್ಲ, ಇದ್ದದ್ದು ಹೇಳಿದೆ.

ನಮ್ಮ ಊರಲ್ಲಿ ಮನಸ್ಸು ಕುಸಿದವರ ಮನೆಯಲ್ಲಿ ಹಾಲು ಹೆಪ್ಪುಗಟ್ಟುವುದಿಲ್ಲ. ಸಾಮಾನ್ಯ ದುಃಖದ ಮಾತಲ್ಲ ಇದು. ಗಂಡ ಸತ್ತು ಎದೆ ಬಡಿದುಕೊಂಡು ಅತ್ತವರ ಮನೆಯಲ್ಲೂ ಮಾರನೆಯ ದಿನ ಗಟ್ಟಿ ಮೊಸರಾಗುತ್ತದೆ. ಅಳುವೂ ಬಾರದೆ ಗೋಡೆ ಕಡೆ ತಿರುಗಿ ಮಲಗುತ್ತಾರಲ್ಲ, ಅಂಥವರ ಮನೆಯಲ್ಲಿ ಆಗುವುದಿಲ್ಲ. ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಆಗಿರಲಿಲ್ಲ. ನನ್ನ ತಂಗಿ ಇಂದುಮತಿ ಊರಿನ ಹೊಲಿಗೆ ಕ್ಲಾಸಿನ ಟೀಚರ್ ಆಗಿದ್ದಳು. ಅವಳ ಬಾಯಿಗೆ ಹೆದರಿಯೇ ಹುಡುಗಿಯರು ಕಾಜಾ ನೆಟ್ಟಗೆ ಹೊಲಿಯುತ್ತಿದ್ದರು. ಒಂದು ದಿನ ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಮೊಳೆಗೆ ನೇತುಹಾಕಿ ಮಲಗಿದಳು, ಅಷ್ಟೇ. ಯಾಕೆ ಅಂತ ಕೇಳಬೇಡಿ, ನಾನೇ ಕೇಳಿ ಕೇಳಿ ಸೋತಿದ್ದೆ. ಅವಳನ್ನು ನೋಡಿಕೊಳ್ಳುವುದಕ್ಕೆ ಸೊಸೈಟಿ ಕೆಲಸ ಬಿಟ್ಟೆ. ನಮಗಿಬ್ಬರಿಗೂ ಮದುವೆಯಿಲ್ಲ, ಮನೆಯಲ್ಲಿ ಇರುವುದು ನಾವಿಬ್ಬರೇ. ಅವಳ ಬೈಗುಳ ಇಲ್ಲದ ಮನೆಯಲ್ಲಿ ಇರುವುದು ನನ್ನ ಕೈಲಿ ಆಗುತ್ತಿರಲಿಲ್ಲ.

ಮೊಸರಾಗದ ಮನೆಯವರು ಮೊಸರು ತಿನ್ನುವುದಿಲ್ಲ ಅಂತ ತಿಳಿಯಬೇಡಿ. ಬೆಳಗ್ಗೆ ಹಿತ್ತಲ ಗೋಡೆ ಮೇಲೆ ಒಂದು ಬಟ್ಟಲು ಬಂದು ಕೂತಿರುತ್ತದೆ. ಯಾರು ಇಟ್ಟರು ಅಂತ ಕೇಳಬಾರದು, ನಾನೇ ಇಟ್ಟೆ ಅಂತ ಹೇಳಬಾರದು, ಉಪಕಾರವಾಯಿತು ಅಂತಲೂ ಅನ್ನಬಾರದು. ಖಾಲಿ ಬಟ್ಟಲು ತೊಳೆದು ಅಲ್ಲೇ ಇಟ್ಟರೆ ಮುಗಿಯಿತು. ನೆಂಟರು ಬರುವ ದಿನವೋ, ಹೆಣ್ಣು ನೋಡುವ ಶಾಸ್ತ್ರದ ದಿನವೋ ಆದರೆ ಪಕ್ಕದ ಮನೆಯವರು ಸೀದಾ ಅಡುಗೆಮನೆಗೇ ನುಗ್ಗಿ, ಹಾಲಿನ ಪಾತ್ರೆ ಎತ್ತಿ ಮೊಸರಿನ ಪಾತ್ರೆ ಇಟ್ಟು ಹೋಗುತ್ತಾರೆ. ನಮ್ಮ ಗೋಡೆಗೆ ಬಟ್ಟಲು ಇಡುತ್ತಿದ್ದವರು ಪಕ್ಕದ ಮನೆಯ ಜೈತುನಮ್ಮ. ಇದನ್ನು ನನಗೆ ಯಾರೂ ಹೇಳಿದ್ದಲ್ಲ. ಅವರು ಹಾಲು ಕಾಯಿಸುವುದು ಮರದ ಹೊಟ್ಟಿನ ಒಲೆ ಮೇಲೆ, ಅವರ ಮೊಸರಿಗೆ ಒಂದು ಎಳೆ ಹೊಗೆವಾಸನೆ ಇದ್ದೇ ಇರುತ್ತದೆ. ಮೂರು ವರ್ಷ ಆ ಹೊಗೆ ತಿಂದೇ ನಾನು ಬದುಕಿದ್ದು.

ಇನ್ನು ಔಷಧಿಯ ಕಥೆ. ತಿಪ್ಪೇರುದ್ರ ನಮ್ಮೂರವರೇ, ಎಲ್ಲೆಲ್ಲೋ ಓದಿ ಬಂದು ಮುಚ್ಚಿಹೋಗಿದ್ದ ಐಸ್ ಫ್ಯಾಕ್ಟರಿಯಲ್ಲಿ ಪ್ರಯೋಗಶಾಲೆ ಮಾಡಿಕೊಂಡವರು. ಅವರು ಮಾಡಹೊರಟಿದ್ದು ಕೆಮ್ಮಿಗೆ ಔಷಧಿ. ಪುಡಿ ಮಾಡುವುದು, ಇಲಿಗೆ ತಿನ್ನಿಸುವುದು, ಇಲಿ ಬದುಕಿದರೆ ನಂಬರು ಕೊಟ್ಟು ಮುಂದಿನದಕ್ಕೆ ಹೋಗುವುದು, ಹೀಗೇ ಒಂಬತ್ತು ವರ್ಷ. ನೂರಾ ಹದಿನಾರನೆಯ ಪುಡಿಯನ್ನು ಮೊದಲು ನುಂಗಿದವರು ನಮ್ಮ ಪೋಸ್ಟ್‌ಮಾಸ್ಟರ್ ಮಹಂತಪ್ಪ. ಕಾಗದದ ಧೂಳಿಗೆ ಅವರಿಗೆ ಮುಗಿಯದ ಕೆಮ್ಮು. ಹೆಂಡತಿ ಹೋದ ಮೇಲೆ ಐದು ವರ್ಷದಿಂದ ಅವರ ಮನೆಯಲ್ಲಿ ಮೊಸರೂ ಇಲ್ಲ. ಒಂದು ತಿಂಗಳು ಪುಡಿ ನುಂಗಿ, ಖೊಕ್ ಖೊಕ್ ಅಂತ ಕೆಮ್ಮುತ್ತಲೇ ಪ್ರಯೋಗಶಾಲೆಗೆ ಓಡಿ ಬಂದರಂತೆ. "ಡಾಕ್ಟ್ರೇ, ನಿಮ್ಮ ಔಷಧಿ ಕೆಲಸಕ್ಕೆ ಬಾರದ್ದು, ಕೆಮ್ಮು ಒಂದಿಷ್ಟೂ ಹೋಗಿಲ್ಲ. ಆದರೆ ಇದನ್ನ ನೋಡಿ!" ಅಂತ ಕೈಯಲ್ಲಿದ್ದ ಬಟ್ಟಲು ತಲೆಕೆಳಗು ಮಾಡಿದರಂತೆ. ಮೊಸರು ಬೀಳಲಿಲ್ಲ. ಡಾಕ್ಟರು ಆವತ್ತು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಊರೆಲ್ಲಾ ತಿರುಗಿದರು.

ಒಬ್ಬರಿಗೆ ಆದದ್ದು ಔಷಧಿಯಿಂದಲೋ, ಹಾಗೇ ಆಯಿತೋ, ಹೇಗೆ ಹೇಳುವುದು? ಅದಕ್ಕೇ ದೊಡ್ಡ ಪರೀಕ್ಷೆ. ಪರವೂರಿನ ಔಷಧಿ ಮಂಡಳಿಯವರು ನಲವತ್ತು ಮನೆಗೆ ನಲವತ್ತು ಪೊಟ್ಟಣ ಕಟ್ಟಿ ಕಳಿಸಿದರು. ಇಪ್ಪತ್ತರಲ್ಲಿ ನೂರಾ ಹದಿನಾರನೆಯ ಪುಡಿಯ ಮಾತ್ರೆ, ಇಪ್ಪತ್ತರಲ್ಲಿ ಬರೀ ಮೆಕ್ಕೆಜೋಳದ ಹಿಟ್ಟಿನ ಮಾತ್ರೆ. ನೋಡುವುದಕ್ಕೆ ಎರಡೂ ಒಂದೇ. ಯಾರಿಗೆ ಯಾವುದು ಅಂತ ನುಂಗುವವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಪಟ್ಟಿ ಇರುವುದು ಅರಗಿನ ಮುದ್ರೆ ಒತ್ತಿದ ಒಂದು ಲಕೋಟೆಯಲ್ಲಿ, ಲಕೋಟೆ ಇರುವುದು ಮಹಂತಪ್ಪನವರ ಪೋಸ್ಟಾಫೀಸಿನ ಕಬ್ಬಿಣದ ಪೆಟ್ಟಿಗೆಯಲ್ಲಿ. ಡಾಕ್ಟರು ಇದನ್ನೆಲ್ಲ ವಿವರಿಸಿದಾಗ ಜೈತುನಮ್ಮ ಎದ್ದು ನಿಂತು, "ಇದೇನಪ್ಪಾ ನ್ಯಾಯ, ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ?" ಅಂತ ದಬಾಯಿಸಿದರು. "ಅಮ್ಮಾ, ಬೆಣ್ಣೆ ಯಾವುದು ಅಂತ ಗೊತ್ತಾಗೋಕೇ ಇದೆಲ್ಲಾ. ಗೊತ್ತಾದ ಮೇಲೆ ಎಲ್ಲರಿಗೂ ಬೆಣ್ಣೆನೇ," ಅಂದರು ಡಾಕ್ಟರು. ಗೊತ್ತಾಗದಿದ್ದರೆ ಮಂಡಳಿ ಪ್ರಯೋಗಶಾಲೆಗೆ ಬೀಗ ಹಾಕುತ್ತದೆ ಅನ್ನುವುದನ್ನೂ ಮುಚ್ಚಿಡದೆ ಹೇಳಿದರು. ಹದಿನೇಳನೆಯ ನಂಬರು ನನ್ನ ಇಂದುವಿಗೆ ಬಂತು.

ನನ್ನ ಕೆಲಸ ಸುಲಭದ್ದು. ಪ್ರತಿ ಮನೆಗೂ ನಂಬರು ಕೊರೆದ ಒಂದು ಸ್ಟೀಲ್ ಬಟ್ಟಲು, ಹೆಪ್ಪು ಪ್ರಯೋಗಶಾಲೆಯದು. ಭಾನುವಾರ ಸಂಜೆ ಹಾಕಬೇಕು, ಸೋಮವಾರ ಬೆಳಗ್ಗೆ ನಾನು ಹೋಗಿ ನಟ್ಟನಡುವೆ ಚಮಚ ನಿಲ್ಲಿಸಬೇಕು. ನಿಂತರೆ "ಇದೆ", ಬಿದ್ದರೆ "ಇಲ್ಲ". ಬೆರಳು ಅದ್ದಬಾರದು, ರುಚಿ ನೋಡಬಾರದು, ಹೊರಗಿನ ಮೊಸರನ್ನು ಆ ಮನೆಗಳಿಗೆ ಯಾರೂ ತರಬಾರದು. ಜೈತುನಮ್ಮನಿಗೆ ನಾನೇ ಹೇಳಿದೆ, "ಒಂದಷ್ಟು ದಿನ ಗೋಡೆ ಖಾಲಿ ಇರಲಿ." ಅವರು ಎತ್ತಲೋ ನೋಡುತ್ತಾ "ಯಾವ ಗೋಡೆ?" ಅಂದರು.

ಮೊದಲ ಮೂರು ವಾರ ನಲವತ್ತು ಸಲ "ಇಲ್ಲ" ಬರೆದು ಬರೆದು ನನ್ನ ಕೈ ಸೋತಿತು. ನಾಲ್ಕನೆಯ ಸೋಮವಾರ ಮೂರು ಮನೆಯಲ್ಲಿ ಚಮಚ ನಿಂತಿತು! ಐದನೆಯ ಸೋಮವಾರ ಒಂಬತ್ತು! ಅಯ್ಯೋ, ಊರಿಗೆ ಊರೇ ಹುಚ್ಚೆದ್ದು ಕುಣಿಯಿತು. ನಾನು ಹೋದ ಬೀದಿಯಲ್ಲೆಲ್ಲಾ ಜನ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದು "ಎಷ್ಟಾಯ್ತು? ಎಷ್ಟಾಯ್ತು?" ಅನ್ನುತ್ತಿದ್ದರು. ನಾನು ಬೆರಳಲ್ಲಿ ತೋರಿಸಿ ಓಡುತ್ತಿದ್ದೆ. ಆರನೆಯ ಸೋಮವಾರ ಕೊನೆಯದು, ಆವತ್ತೇ ಲಕೋಟೆ ಒಡೆಯುವುದು. ಒಂದೇ ಬೇಜಾರು ಅಂದರೆ ಹದಿನೇಳನೆಯ ಬಟ್ಟಲಲ್ಲಿ ಪ್ರತಿ ವಾರವೂ ಹಾಲೇ ನಗುತ್ತಿತ್ತು.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ಇಪ್ಪತ್ತಮೂರನೆಯ ನಂಬರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರದು. ಇನ್ನೂ ಮೂವತ್ತು ದಾಟದವರು, ಒಬ್ಬರೇ ಇರುವುದು. ಪ್ರತಿ ಸೋಮವಾರ ಬಟ್ಟಲ ಪಕ್ಕದಲ್ಲೇ ಕೈಕಟ್ಟಿಕೊಂಡು ನಿಂತಿರುತ್ತಿದ್ದರು. ಚಮಚ ಬಿದ್ದ ತಕ್ಷಣ "ನಿಮಗೆ ಸುಮ್ಮನೆ ತೊಂದರೆ ಮೇಡಂ" ಅನ್ನುತ್ತಿದ್ದರು, ಏನೋ ಅವರೇ ಬೀಳಿಸಿದ ಹಾಗೆ. ಆರನೆಯ ಸೋಮವಾರ ಅವರ ಹಿತ್ತಲ ಬಾಗಿಲಿನಿಂದ ಒಳಗೆ ಹೋದಾಗ ಅವರಿನ್ನೂ ಸ್ನಾನದಲ್ಲಿದ್ದರು. ಬಟ್ಟಲಲ್ಲಿ ಹಾಲು. ನನ್ನ ಚೀಲದಲ್ಲಿ ಮಧ್ಯಾಹ್ನದ ಊಟಕ್ಕೆಂದು ಹೋಟೆಲಿನಿಂದ ತಂದಿದ್ದ ಒಂದು ಡಬ್ಬಿ ಗಟ್ಟಿ ಮೊಸರು. ಮೂವತ್ತು ವರ್ಷ ಒಂದು ತೊಟ್ಟು ನೀರಿಗೂ ಮಾಫಿ ಕೊಡದ ಈ ಕೈ ಆ ಹಾಲನ್ನು ಬಚ್ಚಲಿಗೆ ಸುರಿದು ಮೊಸರು ಬಗ್ಗಿಸಿತು. ನಲವತ್ತರಲ್ಲಿ ಒಂದು, ಏನು ಮಹಾ ಅಂದುಕೊಂಡೆ. ತಲೆ ಒರೆಸಿಕೊಳ್ಳುತ್ತಾ ಬಂದ ಮೇಷ್ಟ್ರು ನಿಂತ ಚಮಚ ನೋಡಿ ಹಾಗೇ ಗೋಡೆಗೆ ಒರಗಿಕೊಂಡರು. ನನಗೆ ಎಷ್ಟು ಖುಷಿಯಾಯಿತೆಂದರೆ ತಪ್ಪು ಮಾಡಿದ್ದೇ ಮರೆತುಹೋಯಿತು.

ಆದರೆ ಆವತ್ತು ನಡೆದದ್ದೇ ಬೇರೆ. ಇಪ್ಪತ್ತನಾಲ್ಕರಲ್ಲೂ ಚಮಚ ನಿಂತಿತು. ಇಪ್ಪತ್ತೈದರಲ್ಲೂ. ಮೂವತ್ತರಲ್ಲೂ ನಿಂತಿತು, ಮೂವತ್ತೊಂಬತ್ತರಲ್ಲೂ! ನಾನು ನಡೆಯುತ್ತಿರಲಿಲ್ಲ, ಹಾರುತ್ತಿದ್ದೆ. ನಮ್ಮ ಮನೆಯನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಅಡುಗೆಮನೆಗೆ ಬಂದು, ಕಣ್ಣು ಮುಚ್ಚಿಕೊಂಡು ಚಮಚ ಊರಿ, ಕೈ ಬಿಟ್ಟೆ. ಟಣ್ ಅಂತ ಸದ್ದಾಗಲಿಲ್ಲ. ಕಣ್ಣು ಬಿಟ್ಟರೆ ಚಮಚ ನಿಂತಿದೆ! ಹದಿನೇಳರಲ್ಲಿ ನಿಂತಿದೆ! "ಇಂದೂ! ಇಂದೂ, ಮೊಸರಾಯ್ತು ಕಣೇ!" ಅಂತ ಕಿರುಚಿಕೊಂಡು ಬಟ್ಟಲು ಹಿಡಿದು ಅವಳ ಮಂಚದ ಸುತ್ತ ಕುಣಿದೆ. ಅವಳು ಒಂದು ಸಲ ನೋಡಿ "ಹೌದಾ" ಅಂದು ಗೋಡೆ ಕಡೆ ತಿರುಗಿಕೊಂಡಳು. ಮೈಗೆ ಬರುವುದಕ್ಕೆ ಇನ್ನೆರಡು ದಿನ ಬೇಕೇನೋ ಅಂದುಕೊಂಡೆ.

ಪ್ರಯೋಗಶಾಲೆಗೆ ಹೋಗಿ ನೋಟ್‌ಬುಕ್ಕು ಟೇಬಲ್ಲಿನ ಮೇಲೆ ಬಡಿದು, "ನಲವತ್ತಕ್ಕೆ ನಲವತ್ತು ಡಾಕ್ಟ್ರೇ! ಸ್ವೀಟ್ ತರಿಸಿ!" ಅಂದೆ. ಅವರ ಮುಖ ಸುಣ್ಣ ಬಳಿದ ಗೋಡೆ ಹಾಗಾಯಿತು. ಹತ್ತು ನಿಮಿಷ ಪುಟ ತಿರುವಿ ತಿರುವಿ ನೋಡಿದರು. "ಪಂಕಜಮ್ಮಾ, ಇದರಲ್ಲಿ ಇಪ್ಪತ್ತು ಮನೆಯವರು ತಿಂದಿರೋದು ಹಿಟ್ಟು," ಅಂದರು. "ತಿನ್ನಲಿ ಬಿಡಿ, ಅವರಿಗೂ ವಾಸಿಯಾಯ್ತಲ್ಲ." "ಹಿಟ್ಟು ತಿಂದವರಿಗೂ ಅಷ್ಟೇ ವಾಸಿಯಾದರೆ ನನ್ನ ಔಷಧಿ ಹಿಟ್ಟೇ ಅಲ್ವಾ? ಮಂಡಳಿ ಅದನ್ನೇ ಬರೆಯುತ್ತೆ. ಒಂಬತ್ತು ವರ್ಷ, ಪಂಕಜಮ್ಮಾ." ಹನ್ನೊಂದು ಗಂಟೆಗೆ ಪೋಸ್ಟಾಫೀಸಿನ ಅಂಗಳದಲ್ಲಿ ಲಕೋಟೆ ಒಡೆಯುವುದು ಅಂತ ಡಂಗುರ ಸಾರಿ ಆಗಿತ್ತು.

ಮನೆಗೆ ಬಂದವಳು ತಿನ್ನೋಣ ಅಂತಲ್ಲ, ಏನೋ ಯೋಚನೆಯಲ್ಲಿ ಆ ಹದಿನೇಳನೆಯ ಬಟ್ಟಲಿಗೆ ಬೆರಳು ಅದ್ದಿ ಬಾಯಿಗಿಟ್ಟುಕೊಂಡೆ. ಹೊಗೆ. ಮೂರು ವರ್ಷದ ಪರಿಚಯದ ಹೊಗೆ! ಬಟ್ಟಲು ಹಿಡಿದು ಹಿತ್ತಲಿಗೆ ಓಡಿ ಗೋಡೆಯಾಚೆ ಕೂಗಿದೆ, "ಜೈತುನಮ್ಮಾ, ಇದು ನಿಮ್ಮದಾ?" ಅವರು ಒಲೆಗೆ ಹೊಟ್ಟು ತುಂಬುತ್ತಿದ್ದವರು ಬೆಚ್ಚಿಬಿದ್ದರು. "ಪಂಕಜಾ, ಇದನ್ನ ಬಾಯಿಬಿಟ್ಟು ಕೇಳ್ತಾರಾ ಯಾರಾದರೂ?" "ಕೇಳ್ತಿದೀನಿ. ಹೇಳಿ." ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಕೊನೇ ದಿನ, ನಿನ್ನ ಕೈಯಾರೆ ನೀನೇ 'ಇಲ್ಲ' ಅಂತ ಬರೀಬೇಕಲ್ಲ ಅಂತ ಹೊಟ್ಟೆ ಉರೀತು. ನಲವತ್ತರಲ್ಲಿ ಒಂದು, ಏನು ಮಹಾ ಅಂದುಕೊಂಡೆ."

ನನ್ನದೇ ಮಾತು, ಅಕ್ಷರ ಅಕ್ಷರ ನನ್ನದೇ! ನಲವತ್ತು ಮನೆಗೂ ಒಬ್ಬೊಬ್ಬ ಜೈತುನಮ್ಮ ಇದ್ದಾರೆ. ಮೊಸರಾಗದ ಕಡೆಯಲ್ಲೆಲ್ಲ ಅವರು ಇವತ್ತು ಬೆಳಗಿನ ಜಾವ ಎದ್ದು, ಒಬ್ಬರಿಗೊಬ್ಬರು ಹೇಳದೆ, ಒಂದೇ ಒಂದು ಅಂತ ಹೋಗಿ ಬಟ್ಟಲು ಬದಲಾಯಿಸಿದ್ದಾರೆ. ಗಡಿಯಾರ ನೋಡಿದರೆ ಹನ್ನೊಂದಕ್ಕೆ ಐದು ನಿಮಿಷ. ಮಂಡಿ ನೋವು ಎಲ್ಲಿ ಹೋಯಿತೋ, ಓಡಿದೆ. ಹಿಂದೆ ಜೈತುನಮ್ಮನೂ ಓಡಿ ಬಂದರು.

ಅಂಗಳದಲ್ಲಿ ಜಾತ್ರೆಗಿಂತ ಹೆಚ್ಚು ಜನ. ಮಹಂತಪ್ಪ ಲಕೋಟೆ ಎತ್ತಿ ಮುದ್ರೆ ತೋರಿಸಿ ಡಾಕ್ಟರ ಕೈಗೆ ಕೊಡುತ್ತಿದ್ದರು. "ಒಡೀಬೇಡಿ!" ಅಂತ ನಾನು ಕೂಗಿದ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದವು. ಜನರ ಮಧ್ಯೆ ನುಗ್ಗಿ ಲಕೋಟೆ ಕಿತ್ತುಕೊಂಡು ಎದೆಗೆ ಒತ್ತಿಕೊಂಡೆ. "ಡಾಕ್ಟ್ರೇ, ನಾನು ಮೋಸ ಮಾಡಿದೀನಿ. ಇಪ್ಪತ್ತಮೂರನೇ ಬಟ್ಟಲಿನದು ಹೋಟೆಲ್ ಮೊಸರು. ನಾನೇ ಹಾಕಿದ್ದು." ಡ್ರಾಯಿಂಗ್ ಮೇಷ್ಟ್ರು ಎದುರಿಗೇ ನಿಂತಿದ್ದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. "ನಾನೊಬ್ಬಳೇ ಅಲ್ಲ. ಬಟ್ಟಲು ಬದಲಾಯಿಸಿದವರು ಯಾರ್ಯಾರು, ಹೇಳಿಬಿಡಿ," ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಂಗಳದ ತುಂಬಾ ಜನ ಸೆರಗು, ಟವೆಲ್ಲು ಸರಿಮಾಡಿಕೊಳ್ಳತೊಡಗಿದರು. ಮೊದಲು ಜೈತುನಮ್ಮ ಕೈ ಎತ್ತಿದರು. ಆಮೇಲೆ ಸೊಸೈಟಿ ಸೆಕ್ರೆಟರಿ. ಆಮೇಲೆ ಒಂದು, ಎರಡು, ಹತ್ತು, ಇಪ್ಪತ್ತು ಕೈ. ಕೊನೆಗೆ ಮಹಂತಪ್ಪನೂ ಕೆಮ್ಮುತ್ತಾ ಕೈ ಎತ್ತಿದರು. "ಎಂಟನೇ ನಂಬರು," ಅಂದರು. ಡಾಕ್ಟರು ಎಲ್ಲರ ಕೈ ಎಣಿಸಿ, ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಇಲಿಗಳೇ ವಾಸಿ," ಅಂದರು. "ಪಕ್ಕದ ಬೋನಿನ ಇಲಿ ಬಂದು ಸಹಾಯ ಮಾಡ್ತಿರಲಿಲ್ಲ."

ಮುದ್ರೆ ಒಡೆದಿರಲಿಲ್ಲ, ಅದೇ ನಮ್ಮ ಪುಣ್ಯ. ಮಂಡಳಿಗೆ ವರದಿ ಹೋಗುವುದಕ್ಕೆ ಇನ್ನೂ ಹದಿನೈದು ದಿನ ಇತ್ತು, ಮಾತ್ರೆಯೂ ಅಷ್ಟಕ್ಕೆ ಉಳಿದಿತ್ತು. "ಇನ್ನು ಯಾರೂ ಹಾಗೆ ಮಾಡಲ್ಲ ಅಂತ ಆಣೆ ಮಾಡಿ," ಅಂದರು ಡಾಕ್ಟರು. ಎಲ್ಲರೂ ಮಾಡಿದರು. ನನಗೆ ನಗು ಬಂತು. "ಡಾಕ್ಟ್ರೇ, ಇವರ ಆಣೆ ನಂಬಬೇಡಿ. ಬಾಯಿ ಆಣೆ ಮಾಡುತ್ತೆ, ಬೆಳಗ್ಗೆ ಕೈ ತಾನೇ ಬಟ್ಟಲು ಎತ್ತುತ್ತೆ. ನನ್ನ ಕೈ ನೋಡಿದ್ರಲ್ಲ? ಇದಕ್ಕೆ ಒಂದೇ ದಾರಿ. ಹದಿನೈದು ದಿನ ಆ ನಲವತ್ತು ಬಟ್ಟಲು ಬಿಟ್ಟು ಊರಲ್ಲಿ ಯಾರೂ ಮೊಸರೇ ಮಾಡಬಾರದು. ಇಲ್ಲದ್ದನ್ನ ಹೇಗೆ ಕೊಡ್ತಾರೆ?"

ಅಬ್ಬಬ್ಬಾ, ಎದ್ದ ಗಲಾಟೆ! "ಮಜ್ಜಿಗೆ ಇಲ್ದೆ ಊಟ ಮುಗಿಸೋದು ಹೇಗ್ರೀ?" "ನಮ್ಮನೆ ಹೆಪ್ಪು ನಮ್ಮತ್ತೆ ಕಾಲದ್ದು, ಒಂದು ದಿನ ಬಿಟ್ಟರೆ ಸತ್ತುಹೋಗುತ್ತೆ!" ಆ ಕೊನೆಯ ಮಾತು ಸುಳ್ಳಲ್ಲ. ನಮ್ಮ ಊರಲ್ಲಿ ಹೆಪ್ಪು ಅಂದರೆ ಒಡವೆ ಇದ್ದ ಹಾಗೆ, ಮಗಳಿಗೆ ಮದುವೆಯಲ್ಲಿ ಚಿಕ್ಕ ಭರಣಿಯಲ್ಲಿ ಹಾಕಿ ಕಳಿಸುತ್ತಾರೆ. ಜೈತುನಮ್ಮ ಸೀದಾ ಮನೆಗೆ ಹೋದರು, ನಾನು ಹಿಂದೆ ಹೋದೆ. ಅವರ ತಾಯಿ ಕೊಟ್ಟು ಕಳಿಸಿದ ಹೆಪ್ಪು, ಐವತ್ತು ವರ್ಷದಿಂದ ದಿನವೂ ಹಾಲು ಕುಡಿಸಿ ಸಾಕಿದ್ದು. ಗಡಿಗೆಯನ್ನು ಹಿತ್ತಲಿಗೆ ತಂದು ಕರಿಬೇವಿನ ಗಿಡದ ಬುಡಕ್ಕೆ ಪೂರ್ತಿ ಸುರಿದರು, ನೀರು ಹಾಕಿ ತೊಳೆದು ಅದನ್ನೂ ಸುರಿದರು. "ನಿನ್ನ ತಂಗಿ ಬೈದರೆ ಕೇಳೋಕೆ ಚೆನ್ನಾಗಿತ್ತು," ಅಂದರು. ನಾನು ಅಲ್ಲೇ ನಿಂತು ಅತ್ತೆ. ಸಂಜೆಯೊಳಗೆ ಊರಿನ ಕರಿಬೇವಿನ ಗಿಡಗಳಿಗೆಲ್ಲ ಹಬ್ಬವಾಯಿತು.

ಆ ಹದಿನೈದು ದಿನ ಇದೆಯಲ್ಲ, ಅದೊಂದು ಪುರಾಣ. ಹೋಟೆಲಿನವನು "ಮೊಸರನ್ನ ಇಲ್ಲ, ಮೊಸರುವಡೆ ಇಲ್ಲ, ದಯವಿಟ್ಟು ಕೇಳಬೇಡಿ" ಅಂತ ಬೋರ್ಡು ಹಾಕಿದ. ಜನ ಸಾರನ್ನ ತಿಂದು ಎಲೆ ಮುಂದೆ ಏಳಲಾರದೆ ಕೂತಿರುತ್ತಿದ್ದರು, ಇನ್ನೂ ಏನೋ ಬರಬೇಕು ಅನ್ನುವ ಹಾಗೆ. ಒಂದು ಮದುವೆ ಮಜ್ಜಿಗೆ ಹುಳಿ ಇಲ್ಲದೆ ನಡೆಯಿತು, ಬೀಗರು ಮುಖ ಊದಿಸಿಕೊಂಡರು, ವಿಷಯ ತಿಳಿದ ಮೇಲೆ ಇಳಿಸಿಕೊಂಡರು. ಆದರೆ ಒಂದು ವಿಚಿತ್ರ ನೋಡಿ. ಗೋಡೆ ಮೇಲೆ ಇಡುವುದಕ್ಕೆ ಏನೂ ಇಲ್ಲದ ಜನ ಮುಂಬಾಗಿಲಿಗೇ ಬರತೊಡಗಿದರು. ಜೈತುನಮ್ಮ ದಿನಾ ಬಂದು ಇಂದುವಿನ ಮಂಚದ ತುದಿಯಲ್ಲಿ ಕೂತು ಸೊಸೆಯ ಮೇಲೆ ದೂರು ಹೇಳುತ್ತಿದ್ದರು. ಇಂದು ಗೋಡೆ ಕಡೆಯೇ ತಿರುಗಿರುತ್ತಿದ್ದಳು. ಒಂದು ದಿನ ಮಾತ್ರ "ಸೊಸೆದೇನೂ ತಪ್ಪಿಲ್ಲ" ಅಂದಳು.

ಕೊನೆಯ ಸೋಮವಾರ ಬಂತು. ನಾನು ಕಾಲಿಟ್ಟ ಬೀದಿಯಲ್ಲೆಲ್ಲ ಜನ ಬಾಗಿಲಲ್ಲಿ ನಿಂತಿದ್ದರು, ಯಾರೂ ಎಷ್ಟಾಯಿತು ಅಂತ ಕೇಳಲಿಲ್ಲ. ಒಂದನೆಯ ಮನೆ, ನಿಂತಿತು. ಎರಡು, ಬಿತ್ತು. ಮೂರು, ಬಿತ್ತು. ನಾಲ್ಕು, ನಿಂತಿತು! ಊರಲ್ಲಿ ಒಂದು ಹನಿ ಮೊಸರಿಲ್ಲ, ಆದ್ದರಿಂದ ನಿಂತದ್ದೆಲ್ಲ ನಿಜ! ಇಪ್ಪತ್ತಮೂರರಲ್ಲಿ ಡ್ರಾಯಿಂಗ್ ಮೇಷ್ಟ್ರು ನನಗೆ ಮುಖ ಕೊಡದೆ ಕಿಟಕಿ ಹತ್ತಿರ ನಿಂತಿದ್ದರು. ನಾನು ಚಮಚ ಊರಿದೆ. ಕೈಬಿಟ್ಟೆ. ಅದು ಗೂಟ ಹೊಡೆದ ಹಾಗೆ ನಿಂತಿತು. "ಮೇಷ್ಟ್ರೇ, ಈ ಸಲ ಹೋಟೆಲಿಂದಲ್ಲ," ಅಂದೆ. ಅವರು ಬಂದು ಚಮಚ ಮುಟ್ಟಿದರು, ಅಲ್ಲಾಡಿಸಿದರು, ಮತ್ತೆ ನಿಲ್ಲಿಸಿದರು. ಆಮೇಲೆ ಒಂದು ಚಿಕ್ಕ ಬಟ್ಟಲಿಗೆ ಅರ್ಧ ಮೊಸರು ಹಾಕಿ, ಮುಚ್ಚಿ, ನನ್ನ ಚೀಲದ ಪಕ್ಕ ಇಟ್ಟು, ಏನೂ ಆಗದವರ ಹಾಗೆ ಕಿಟಕಿ ಹತ್ತಿರ ಹೋಗಿ ನಿಂತರು. ಪದ್ಧತಿ ಪ್ರಕಾರ ನಾನೂ ಏನೂ ಅನ್ನದೆ ಚೀಲಕ್ಕೆ ಹಾಕಿಕೊಂಡೆ.

ಮೂವತ್ತೊಂಬತ್ತು ಮನೆ ಮುಗಿಯಿತು. ಉಳಿದದ್ದು ನಮ್ಮ ಮನೆ, ಹದಿನೇಳನೆಯದು. ಚಮಚ ಊರಿದೆ, ಟಣ್ ಅಂತ ಬಿತ್ತು. ಒರೆಸಿ ಇನ್ನೊಂದು ಸಲ ಊರಿದೆ. ಬಿತ್ತು. ಬರೀ ಹಾಲು. ಒಳಗಿನಿಂದ ಇಂದು, "ನಿಂತಿತಾ?" ಅಂದಳು. ಮೂರು ವರ್ಷದಲ್ಲಿ ಅವಳಾಗಿಯೇ ಏನಾದರೂ ಕೇಳಿದ್ದು ಅದೇ ಮೊದಲು. ಚೀಲದಲ್ಲಿ ಮೇಷ್ಟ್ರ ಮೊಸರು ಇದೆ. ಚಮಚ ನಿಂತ ಮನೆಗಳು ಬಿಟ್ಟರೆ ಊರಲ್ಲಿ ಇನ್ನು ಯಾರ ಕೈಯಲ್ಲೂ ಇಲ್ಲದ್ದು ನನ್ನ ಕೈಯಲ್ಲಿ ಇದೆ. ಬಗ್ಗಿಸುವುದಕ್ಕೆ ಒಂದು ಗಳಿಗೆ ಸಾಕು, "ನಿಂತಿತು ಕಣೇ" ಅನ್ನುವುದಕ್ಕೆ ಅರ್ಧ ಗಳಿಗೆ ಸಾಕು. ನಾನು ಚೀಲದ ಬಾಯಿಗೆ ಗಂಟು ಹಾಕಿದೆ, ಇನ್ನೊಂದು ಗಂಟೂ ಹಾಕಿದೆ. "ಇಲ್ಲಮ್ಮ, ನಿಂತಿಲ್ಲ," ಅಂದೆ. ಪೆನ್ನು ತೆಗೆದು ಹದಿನೇಳರ ಮುಂದೆ "ಇಲ್ಲ" ಬರೆದೆ. ಮಂಚ ಕಿರುಗುಟ್ಟಿದ್ದು ಕೇಳಿಸಿತು, ಗೋಡೆ ಕಡೆ ತಿರುಗಿಕೊಂಡಳು ಅಂತ ಗೊತ್ತಾಯಿತು. ಪೋಸ್ಟಾಫೀಸಿಗೆ ಹೋಗುವ ದಾರಿಯುದ್ದಕ್ಕೂ ಡಾಕ್ಟರಿಗೂ ಶಾಪ, ಮಂಡಳಿಗೂ ಶಾಪ, ಮೆಕ್ಕೆಜೋಳಕ್ಕೂ ಶಾಪ ಹಾಕಿಕೊಂಡು ಹೋದೆ.

ಅಂಗಳದಲ್ಲಿ ಜನ ಕಿಕ್ಕಿರಿದು ನಿಂತಿದ್ದರು. ಡಾಕ್ಟರು ಲಕೋಟೆಯನ್ನು ವಾಪಸು ಕೊಟ್ಟುಬಿಟ್ಟರು, ಮಹಂತಪ್ಪನೇ ಮುದ್ರೆ ಒಡೆದರು. "ಔಷಧಿ ಹೋದ ಮನೆಗಳು," ಅಂತ ಟೆಲಿಗ್ರಾಂ ಓದುವ ದನಿಯಲ್ಲಿ ಶುರು ಮಾಡಿದರು. "ಒಂದು." ನಾನು ನೋಟ್‌ಬುಕ್ಕು ನೋಡಿ "ಇದೆ" ಅಂದೆ. "ನಾಲ್ಕು." "ಇದೆ!" "ಐದು." "ಇದೆ!" "ಒಂಬತ್ತು." "ಇಲ್ಲ." "ಹತ್ತು." "ಇದೆ!" "ಹನ್ನೆರಡು." "ಇದೆ!" ಜನ ಒಂದೊಂದು "ಇದೆ"ಗೂ ಹೋ ಅನ್ನತೊಡಗಿದರು. "ಹದಿನಾರು." "ಇದೆ!" "ಹತ್ತೊಂಬತ್ತು." ನಾನು ಪುಟದಿಂದ ತಲೆ ಎತ್ತಿದೆ. "ಹದಿನಾರಾದ ಮೇಲೆ ಎಷ್ಟಂದ್ರಿ?" "ಹತ್ತೊಂಬತ್ತು." "ಹದಿನೇಳಿಲ್ವಾ? ಸರಿಯಾಗಿ ನೋಡಿ ಮಹಂತಪ್ಪನೋರೇ, ಕನ್ನಡಕ ಒರೆಸಿಕೊಂಡು ನೋಡಿ!" ಅವರು ನಿಜವಾಗಿಯೂ ಕನ್ನಡಕ ಒರೆಸಿ ನೋಡಿದರು. "ಹದಿನೇಳು ಇಲ್ಲಮ್ಮ. ಅದು ಈ ಕಡೆ ಪಟ್ಟಿಯಲ್ಲಿದೆ. ಹಿಟ್ಟು."

ಹಿಟ್ಟು! ನೋಟ್‌ಬುಕ್ಕು ಎಲ್ಲಿ ಬಿತ್ತೋ ಗೊತ್ತಿಲ್ಲ. "ಹಿಟ್ಟು ಕಣ್ರೇ! ನನ್ನ ತಂಗಿ ತಿಂದಿದ್ದು ಬರೀ ಹಿಟ್ಟು!" ಅಂತ ಜೈತುನಮ್ಮನನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದೆ. ಡಾಕ್ಟರು "ಪಂಕಜಮ್ಮಾ, ಪೂರ್ತಿ ಓದೋಕೆ ಬಿಡಿ ತಾಯೀ!" ಅಂತ ಅಂಗಲಾಚಿದರು. ಓದಿ ಮುಗಿಸಿದರು. ಔಷಧಿ ತಿಂದ ಇಪ್ಪತ್ತರಲ್ಲಿ ಹದಿನಾಲ್ಕು ಮನೆ, ಹಿಟ್ಟು ತಿಂದ ಇಪ್ಪತ್ತರಲ್ಲಿ ಎರಡು. ಡಾಕ್ಟರು ಆ ಎರಡು ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡು, ಚಪ್ಪಲಿ ಬಿಟ್ಟು, ಎತ್ತಲೋ ಓಡಿದರು. ನಾನು ಮನೆ ಕಡೆ ಓಡಿದೆ.

"ಇಂದೂ, ಹಿಟ್ಟು ಕಣೇ!" ಏನು ಹೇಳುತ್ತಿದ್ದೇನೆ ಅಂತ ಅವಳಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಿಧಾನವಾಗಿ ಈ ಕಡೆ ತಿರುಗಿದಳು. "ಎರಡು ತಿಂಗಳು, ದಿನಾ ಎರಡು ಹೊತ್ತು, ನನಗೆ ಹಿಟ್ಟು ತಿನ್ನಿಸಿದ್ರಾ?" "ಹೂಂ ಕಣೇ!" "ಅದಕ್ಕೆ ನೀನು ಕುಣೀತಿದೀಯಾ?" "ಹೂಂ ಕಣೇ!" ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. "ಥೂ, ನಿನ್ನ," ಅಂದಳು. ಪೂರ್ತಿ ಬೈಗುಳವಲ್ಲ, ಶುರು ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು. ಆವತ್ತು ಸಂಜೆಯೇ ಡಾಕ್ಟರು ನಿಜದ ಮಾತ್ರೆಯ ಪೊಟ್ಟಣ ತಂದುಕೊಟ್ಟರು, ಅದರಿಂದ ಗುಣ ಕಾಣದ ಆರು ಮನೆಗಳಿಗಾಗಿ ನೂರಾ ಹದಿನೇಳನೆಯ ಪುಡಿ ಶುರು ಮಾಡಿದ್ದನ್ನೂ ಹೇಳಿದರು.

ಊರಿನ ಹೆಪ್ಪೆಲ್ಲ ಕರಿಬೇವಿನ ಪಾಲಾಗಿತ್ತಲ್ಲ, 'ಪ್ರಯೋಗಶಾಲೆಯಿಂದ ಎಲ್ಲರಿಗೂ ಕೊಡ್ತೀನಿ' ಅಂದರು ಡಾಕ್ಟರು. ಯಾರೂ ಹೋಗಲಿಲ್ಲ. ಮಾರನೆಯ ಬೆಳಗ್ಗೆ ಊರಿಗೆ ಊರೇ ಬಟ್ಟಲು ಹಿಡಿದು ಆ ಹದಿನಾರು ಮನೆಗಳ ಮುಂದೆ ಸಾಲು ನಿಂತಿತು. ಡ್ರಾಯಿಂಗ್ ಮೇಷ್ಟ್ರು ಪ್ಯಾಂಟು ಮಡಚಿ, ಬಕೆಟ್ಟು ಮುಂದಿಟ್ಟುಕೊಂಡು, "ಒಬ್ಬೊಬ್ಬರಾಗಿ ಬನ್ನಿ, ಎಲ್ಲರಿಗೂ ಇದೆ," ಅಂತ ಚಮಚ ಚಮಚ ಬಡಿಸುತ್ತಿದ್ದರು. ಜೈತುನಮ್ಮ ತಮ್ಮ ತಾಯಿಯ ಭರಣಿಯನ್ನೇ ತಂದು ಒಡ್ಡಿದರು. ಈಗ ನಮ್ಮ ಊರಿನ ಮೊಸರೆಲ್ಲ ಆ ಮನೆಗಳದೇ ಸಂತಾನ.

ಇಂದುಮತಿ ನಿಜದ ಮಾತ್ರೆ ಶುರು ಮಾಡಿದ ಇಪ್ಪತ್ತಾರನೆಯ ದಿನದ ಬೆಳಗ್ಗೆ. ಸೋಮವಾರವಲ್ಲ, ಪರೀಕ್ಷೆಯೂ ಇಲ್ಲ, ಅಭ್ಯಾಸಬಲದಿಂದ ಎದ್ದು ಅಡುಗೆಮನೆಗೆ ಹೋದೆ. ರಾತ್ರಿ ನಾನು ಹೆಪ್ಪು ಹಾಕಿಟ್ಟಿದ್ದ ಬಟ್ಟಲಲ್ಲಿ ಆಗಲೇ ಒಂದು ಚಮಚ ನಿಂತಿದೆ. ನಾನು ಊರಿದ್ದಲ್ಲ. ಮೈಯೆಲ್ಲಾ ಉರಿದುಹೋಯಿತು. ಸೀದಾ ಹಿತ್ತಲಿಗೆ ಹೋಗಿ, "ಜೈತುನಮ್ಮಾ! ಮತ್ತೆ ಶುರು ಮಾಡಿದ್ರಾ?" ಅಂತ ಕೂಗಾಡಿದೆ. ಅವರು ಕೈಲಿದ್ದ ಹೊಟ್ಟು ಹಾಗೇ ಹಿಡಿದುಕೊಂಡು, "ಅಲ್ಲಾನ ಆಣೆ ಪಂಕಜಾ, ನಾನು ನಿಮ್ಮ ಮನೆ ಕಡೆ ಬಂದೇ ಇಲ್ಲ," ಅಂದರು. ಇವರ ಆಣೆ ನನಗೆ ಗೊತ್ತಿಲ್ಲವೇ? ವಾಪಸು ಬಂದು ಬೆರಳು ಅದ್ದಿ ಬಾಯಿಗಿಟ್ಟುಕೊಂಡೆ. ಹೊಗೆ ಇಲ್ಲ. ಇನ್ನೊಂದು ಸಲ ಅದ್ದಿದೆ. ಇಲ್ಲ. ಮೂರನೆಯ ಸಲ ಬೆರಳು ಬಾಯಲ್ಲಿ ಇಟ್ಟುಕೊಂಡೇ ನಿಂತಿದ್ದೇನೆ, ಹಿಂದಿನಿಂದ ದನಿ ಬಂತು.

"ಅಕ್ಕಾ, ಎಂಜಲು ಮಾಡಿ ಮಾಡಿ ಎಲ್ಲಾ ನೀನೇ ಮುಗಿಸ್ತೀಯಾ? ನಾಚಿಕೆ ಆಗಲ್ವಾ ನಿನಗೆ? ನನಗೂ ಒಂಚೂರು ಇಡು."